18 ಲಕ್ಷಕ್ಕೆ ರಿಕವರಿ ಎಷ್ಟು?

ಭಾನುವಾರ ಬೆಳಿಗ್ಗೆ, ಮಂಡ್ಯದ ಒಂದು ಟೀ ಅಂಗಡಿ. ನನ್ನನ್ನು ಬಿಟ್ಟು ಹಾಜರಿದ್ದವರು ನಾಲ್ವರು: ಸಾಫ್ಟ್‌ವೇರ್ ಕಂಪನಿಗಳಿಗೆ ಆಳು ಹುಡುಕಿಕೊಡುವ ಅಕ್ಕ, ಕೋಡು ಬರೆಯುವ ಹುಡುಗ (ಊರಲ್ಲಿ ಅವನಿಗೆ ಕೋಡಯ್ಯ ಅಂತಲೇ ಹೆಸರು), ಲೆಕ್ಕದ ಮೇಷ್ಟ್ರು, ಕಬ್ಬಿನ ಗೌಡ್ರು. ವಿಷಯ: ಇಂಟರ್‌ವ್ಯೂ ಎಲ್ಲ ಗೆದ್ದು, ಸಂಬಳದ ಮಾತಿಗೆ ಬಂದಾಗ ಆಫರ್ ಮಾಯವಾಗುವುದು.

"ಜಾಸ್ತಿ ಕೇಳಿದ್ದಕ್ಕೆ ಆಫರ್ ಹೋಗೋದು ಕಮ್ಮಿ," ಅಂದರು ಅಕ್ಕ. "ಕೇಳಿದ್ದನ್ನ ಆಮೇಲೆ ಬದಲಾಯಿಸ್ತಾರಲ್ಲ, ಅದಕ್ಕೇ ಹೋಗೋದು. ಮೊದಲನೇ ಫೋನಲ್ಲೇ ಮೂರು ಪ್ರಶ್ನೆ: ಈಗಿನ ಸಿಟಿಸಿ ಎಷ್ಟು, ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್, ಅಂದ್ರೆ ರಾಜೀನಾಮೆ ಕೊಟ್ಮೇಲೂ ಹಳೇ ಕಂಪನೀಲಿ ಇರಬೇಕಾದ ದಿನ, ಎಷ್ಟು. ಹುದ್ದೆಗೊಂದು ಬ್ಯಾಂಡ್ ಇರುತ್ತೆ, ಸಂಬಳ ಇಷ್ಟರಿಂದ ಇಷ್ಟರವರೆಗೆ ಅಂತ. ನೀವು ಹೇಳಿದ 18 ಲಕ್ಷ ಇಟ್ಕೊಂಡು ಮ್ಯಾನೇಜರ್ ಹತ್ರ, ಫೈನಾನ್ಸ್ ಹತ್ರ ಒಪ್ಪಿಗೆ ತಗೊಂಡಿರ್ತೀವಿ. ಆಫರ್ ಕಳಿಸೋ ದಿನ 23 ಅಂದ್ರೆ ಆ ಮೆಟ್ಟಿಲೆಲ್ಲ ಮತ್ತೆ ಹತ್ತಬೇಕು. ಅದಕ್ಕಿಂತ ಸಾಲಲ್ಲಿ ಎರಡನೇ ಜಾಗದಲ್ಲಿ ನಿಂತವನಿಗೆ ಫೋನ್ ಮಾಡೋದು ಸುಲಭ."

"ತೂಕ ಆಗಿ ಚೀಟಿ ಕೈಗೆ ಬಂದ್ಮೇಲೆ ರೇಟು ಮಾತಾಡ್ದಂಗೆ ಅನ್ನವ್ವ," ಅಂದರು ಗೌಡ್ರು.

"ಅದಕ್ಕೇ ನಾನು 18ರಿಂದ 24 ಅಂತೀನಿ," ಕೋಡಯ್ಯ ಎದೆಯುಬ್ಬಿಸಿದ.

"ಹೇಳಿದವನ ಕಿವಿಗೆ 24 ಕೇಳಿಸುತ್ತೆ, ನನ್ನ ಕಿವಿಗೆ 18. 18 ಕೊಟ್ಟಾಗ ನೀನು ಮುಖ ಊದಿಸ್ತೀಯ, 'ನೀವೇ ಹೇಳಿದ್ರಲ್ಲ' ಅಂತ ನಾನಂತೀನಿ. ಒಂದೇ ನಂಬರ್ ಹೇಳು, ಅದು ತಪ್ಪದೆ ಬರೋ ಫಿಕ್ಸೆಡ್ಡೋ, ಕೆಲಸ ನೋಡಿ ಕೊಡೋ ವೇರಿಯಬಲ್ ಸೇರಿಸಿಯೋ ಅಂತಲೂ ಹೇಳು. ನಂಬರ್ ಗೊತ್ತಿಲ್ಲದಿದ್ರೆ ಬ್ಯಾಂಡ್ ಎಷ್ಟು ಅಂತ ನನ್ನನ್ನೇ ಕೇಳು, ತಪ್ಪಿಲ್ಲ."

"ಸಿಟಿಸಿ ಅಂದ್ರೇನ್ಲಾ ಅದು?"

"ಕಂಪನಿಗೆ ನನ್ನಿಂದ ವರ್ಷಕ್ಕೆ ಆಗೋ ಒಟ್ಟು ಖರ್ಚು, ಗೌಡ್ರೆ."

"ಅಂಗಾರೆ ಅದು ಕಬ್ಬಿನ ತೂಕ. ಸಕ್ಕರೆ ಎಷ್ಟು ಬತ್ತದೆ ಯೋಳು. ರಿಕವರಿ."

ಮೇಷ್ಟ್ರಿಗೆ ಇದೇ ಬೇಕಿತ್ತು. ಮದ್ದೂರು ವಡೆ ಕಟ್ಟಿಕೊಟ್ಟ ಪೇಪರಿನ ಎಣ್ಣೆ ತಾಗದ ಮೂಲೆ ಹುಡುಕಿ ಪೆನ್ನು ತೆಗೆದರು. "18 ಲಕ್ಷ. ಅದರಲ್ಲಿ ವೇರಿಯಬಲ್ ಶೇಕಡಾ 10 ಅಂತಿಟ್ಕೊಳ್ಳಿ, 1,80,000 ಪಕ್ಕಕ್ಕೆ. ಮೂಲ ವೇತನ ಅರ್ಧ, 9 ಲಕ್ಷ. ಅದರ ಶೇಕಡಾ 12 ಕಂಪನಿ ಕಟ್ಟೋ ಪಿಎಫ್, 1,08,000. ಅದು ನಿನ್ನ ಸಿಟಿಸಿಯೊಳಗಿಂದಲೇ. ಕೆಲಸ ಬಿಡುವಾಗ ಕೊಡೋ ಗ್ರ್ಯಾಚುಯಿಟಿಗೆ ಮೂಲ ವೇತನದ ಶೇಕಡಾ 4.81, ಅಂದ್ರೆ 43,290. ವಿಮೆಗೆ 15,000. ಉಳಿದದ್ದು ತಿಂಗಳಿಗೆ 1,21,000 ಚಿಲ್ಲರೆ. ಅದರಲ್ಲಿ ನಿನ್ನ ಪಾಲಿನ ಪಿಎಫ್ 9,000, ವೃತ್ತಿ ತೆರಿಗೆ 200, ಹೊಸ ಪದ್ಧತಿಯ 2025-26ರ ದರದಲ್ಲಿ ಆದಾಯ ತೆರಿಗೆ ಸುಮಾರು 7,500. ಕೈಗೆ 1,04,000 ಚಿಲ್ಲರೆ."

"18ನ್ನ 12ರಿಂದ ಭಾಗಿಸಿ ಒಂದೂವರೆ ಲಕ್ಷ ಅಂದ್ಕೊಂಡಿದ್ದೆ." ಕೋಡಯ್ಯನ ವಡೆ ಅರ್ಧದಲ್ಲೇ ನಿಂತಿತು.

"ನಮಗೂ ಅಂಗೇ ಕನಪ್ಪ. 2025-26ಕ್ಕೆ ಕೇಂದ್ರ ಟನ್ನಿಗೆ 3,550 ಅಂತು. ಅದು ಶೇಕಡಾ 10.25 ರಿಕವರಿ ಬಂದ ಕಬ್ಬಿಗೆ. ಇಳುವರಿ ಕಮ್ಮಿ ಆಯ್ತಾ, ರೇಟೂ ಕಮ್ಮಿ. ಆಮೇಲೆ ಕಟಾವು ಕೂಲಿ, ಸಾಗಣೆ ಅಂತ ಮುರ್ಕತಾರೆ."

"ಆ ಗ್ರ್ಯಾಚುಯಿಟಿ ಐದು ವರ್ಷ ತುಂಬದೆ ಕೈಗೆ ಬರಲ್ಲ," ಮೇಷ್ಟ್ರು ಉರಿಗೆ ತುಪ್ಪ ಸುರಿದರು. "ಎರಡು ವರ್ಷಕ್ಕೊಂದು ಕಂಪನಿ ಹಾರೋ ಇವನಿಗೆ ಅದು ಗೋಡೆ ಮೇಲಿನ ಕ್ಯಾಲೆಂಡರ್ ಲಕ್ಷ್ಮಿ."

ಸಂಬಳದ ಜೊತೆ ಕಂಪನಿ ಕೊಡುವ ಷೇರಿನ ಮಾತೂ ಬಂತು. ನಾಲ್ಕು ವರ್ಷಕ್ಕೆ ಹಂಚಿ ಕೊಡುವುದು ವಾಡಿಕೆ, ಮೊದಲ ವರ್ಷ ತುಂಬುವ ತನಕ ಸೊನ್ನೆ. ಹನ್ನೊಂದನೇ ತಿಂಗಳು ಬಿಟ್ಟರೆ ಏನೂ ಇಲ್ಲ. ಷೇರುಪೇಟೆಗೆ ಬಾರದ ಕಂಪನಿಯದಾದರೆ ಸದ್ಯಕ್ಕೆ ಅದು ಬರೀ ಕಾಗದ. ಗೌಡ್ರಿಗೆ ಇದರಲ್ಲಿ ಆಸಕ್ತಿ ಹುಟ್ಟಲಿಲ್ಲ, ನನಗೂ ಅಷ್ಟಕ್ಕಷ್ಟೇ.

"ಈಗಿನ ಸಂಬಳ ಎರಡು ಲಕ್ಷ ಏರಿಸಿ ಹೇಳಿದ್ರೆ?" ಕೋಡಯ್ಯ ದನಿ ತಗ್ಗಿಸಿದ.

"ಮೂರು ತಿಂಗಳ ಪೇಸ್ಲಿಪ್ ಕೇಳ್ತೀವಿ, ಸಂಬಳ, ಮುರಿದ ತೆರಿಗೆ ತೋರಿಸೋ ಫಾರ್ಮ್ 16 ಕೇಳ್ತೀವಿ. ಪಿಎಫ್‌ನ ಮೂಲ ವೇತನದ ಶೇಕಡಾ 12ರ ಬದಲು ತಿಂಗಳಿಗೆ 1,800ಕ್ಕೆ ನಿಲ್ಲಿಸಿಲ್ಲದಿದ್ರೆ ಪಾಸ್‌ಬುಕ್ ನೋಡಿ ಮೂಲ ವೇತನ ಕಂಡುಹಿಡಿಯೋದು ಮೇಷ್ಟ್ರ ಏಳನೇ ಕ್ಲಾಸಿನೋರಿಗೂ ಬರುತ್ತೆ. ಸಿಕ್ಕಿಬಿದ್ದರೆ ಕೆಲಸಕ್ಕೆ ಸೇರಿದ ಮೇಲೂ ಕಳಿಸ್ತಾರೆ. ಜಾಸ್ತಿ ಕೇಳಿದೋನಿಗಾದ್ರೆ ಇನ್ನೊಂದು ಸಲ ಫೋನ್ ಮಾಡ್ತೀವಿ, ಸುಳ್ಳು ಹೇಳಿದೋನಿಗಿಲ್ಲ."

"ಹಾಗಾದ್ರೆ ಕೇಳೋದು ಹೇಗಕ್ಕ?"

"ಆಫರ್ ಬಂದ ಒಂದೆರಡು ದಿನದೊಳಗೆ, ಒಂದೇ ಸಲ. ಫೋನಲ್ಲಿ ಮಾತಾಡಿ, ಆಮೇಲೆ ಅದನ್ನೇ ಮೇಲ್‌ನಲ್ಲಿ ಹಾಕು. ಕೈಯಲ್ಲಿ ಇನ್ನೊಂದು ಆಫರ್ ಇದ್ರೆ ಇದೆ ಅನ್ನು, ಇಲ್ಲದ್ದನ್ನ ಇದೆ ಅನ್ನಬೇಡ. 'ಕಳಿಸಿ ನೋಡೋಣ' ಅಂದ್ರೆ ಬೆವರ್ತೀಯ. ಮನೆ ಲೋನು, ತಂಗಿ ಮದುವೆ ನನ್ನ ಹತ್ರ ಹೇಳಬೇಡ, ಫೈನಾನ್ಸ್‌ನೋರ ಶೀಟಲ್ಲಿ ಅದಕ್ಕೆ ಕಾಲಮ್ ಇಲ್ಲ. ಬ್ಯಾಂಡ್ ಮುಗೀತು ಅಂದ್ರೆ ಫಿಕ್ಸೆಡ್ ಬಿಡು, ಬೇರೆ ಕೇಳು: ವೇರಿಯಬಲ್‌ನಿಂದ ಸ್ವಲ್ಪ ಫಿಕ್ಸೆಡ್‌ಗೆ ಹಾಕ್ತೀರಾ, 90 ದಿನದ ನೋಟಿಸ್ ದುಡ್ಡು ಕಟ್ಟಿ ಬಿಡಿಸ್ತೀರಾ, ಜಾಯಿನಿಂಗ್ ಬೋನಸ್ ಇದೆಯಾ."

"ಬೋನಸ್ ಬಿಟ್ಟಿ ದುಡ್ಡಲ್ವಾ?"

"ವರ್ಷದೊಳಗೆ ಬಿಟ್ರೆ ವಾಪಸ್ ಕಟ್ಟು ಅಂತ ಸಾಮಾನ್ಯವಾಗಿ ಬರೆದಿರ್ತಾರೆ. ತೆರಿಗೆ ಮುರಿದು ಕೈಗೆ ಬಂದಷ್ಟೋ, ಪೂರ್ತಿ ಮೊತ್ತವೋ? ಆ ಸಾಲನ್ನ ಎರಡು ಸಲ ಓದು. ಇನ್ನೊಂದು, ಲೆಟರ್ ಆಫ್ ಇಂಟೆಂಟ್, ಅಂದ್ರೆ ತಗೋಳೋ ಇರಾದೆ ಇದೆ ಅನ್ನೋ ಪತ್ರ, ಬಂತು ಅಂತ ರಾಜೀನಾಮೆ ಕೊಡಬೇಡ. ಸಂಬಳದ ವಿವರ ಇರೋ ಆಫರ್ ಲೆಟರ್‌ಗೆ ಎರಡೂ ಕಡೆ ಸಹಿ ಬೀಳೋ ತನಕ ಹಳೇ ಕಂಪನಿ ಕುರ್ಚಿ ಬಿಡಬೇಡ."

ಗೌಡ್ರು ಇಷ್ಟು ಹೊತ್ತೂ ಪೇಪರಿನ ಮೇಲಿನ ಒಂದೇ ಅಂಕಿ ನೋಡುತ್ತಿದ್ದರು. "ಅಲ್ಲ ಕನವ್ವ, ಈ ಪಕ್ಕಕ್ಕಿಟ್ಟ 1,80,000 ಯಾವಾಗ ಬತ್ತದೆ?"

"ವರ್ಷದ ಅಪ್ರೈಸಲ್ ಆಗಿ, ಕಂಪನಿ ಗುರಿ ಮುಟ್ಟಿ, ಕೊಡೋ ದಿನ ಇವನು ಅಲ್ಲೇ ಇದ್ರೆ. ಎಷ್ಟು ಅಂತ ಅವತ್ತೇ ಗೊತ್ತಾಗೋದು."

"ನಮಗೆ ಕಬ್ಬು ಹಾಕಿದ 14 ದಿನಕ್ಕೆ ದುಡ್ಡು ಕೊಡಬೇಕು, ತಡ ಆದ್ರೆ ಶೇಕಡಾ 15 ಬಡ್ಡಿ ಅಂತ ಕಾನೂನೇ ಅದೆ."

"ಬರುತ್ತಾ ಗೌಡ್ರೆ?" ಕೋಡಯ್ಯನ ಮುಖ ಅರಳಿತು.

"ಕಾನೂನು ಅದೆ ಅಂದೆ ಕನ್ಲಾ. ವಡೆ ತಿನ್ನು."