ಅಪ್‌ಡೇಟ್: ಕೊನೆಗೂ ಕಾಗ್ನಿಟಿವ್ ಟೆಕ್ನಾಲಜಿಗೇ ಸೇರಿದೆ
ಕಂಪ್ಯೂಟರ್ ಸೈನ್ಸ್ ತಗೊಳ್ಳಲಾ, ಕಾಗ್ನಿಟಿವ್ ಟೆಕ್ನಾಲಜಿ ತಗೊಳ್ಳಲಾ ಅಂತ ಹೋದ ವರ್ಷ ಕೇಳಿದ್ದೆ. ಎರಡನೆಯದಕ್ಕೇ, ಅಂದರೆ ಮನುಷ್ಯರ ಯೋಚನೆ, ಗಮನ ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ಕಂಪ್ಯೂಟರ್ ಜೊತೆ ಸೇರಿಸಿ ಕಲಿಯೋ ಕೋರ್ಸಿಗೇ ಸೇರಿದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

"ಅದು ಬರೀ ಸೈಕಾಲಜಿ, ಗಣಿತ ಇರಲ್ಲ" ಅಂತ ಒಬ್ಬರು ಹೇಳಿದ್ದರು. ಹಾಗೇನಿಲ್ಲ. ಸ್ಟಾಟಿಸ್ಟಿಕ್ಸ್, ಪೈಥಾನ್, ಲೀನಿಯರ್ ಆಲ್ಜೀಬ್ರಾ ಎಲ್ಲ ಇದೆ. ಜೊತೆಗೆ ಭಾಷಾಶಾಸ್ತ್ರ, ಮೆದುಳಿನ ಪಾಠ.

ನನಗೆ ಜಾಸ್ತಿ ಹಿಡಿಸಿದ್ದು ಲ್ಯಾಬ್. ಸ್ಟ್ರೂಪ್ ಅನ್ನೋ ಮನಶ್ಶಾಸ್ತ್ರಜ್ಞ 1935ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾವೇ ಕೋಡ್ ಬರೆದು ಮಾಡಿ ನೋಡಿದೆವು. ಪರದೆ ಮೇಲೆ 'ಕೆಂಪು' ಅನ್ನೋ ಪದ ನೀಲಿ ಬಣ್ಣದಲ್ಲಿ ಬರುತ್ತದೆ. ಪದ ಓದಬಾರದು, ಬಣ್ಣ ಹೇಳಬೇಕು. ಸುಲಭ ಅಲ್ವಾ? ನಾಲಿಗೆ ತಡವರಿಸುತ್ತದೆ! ಓದೋದು ಅಷ್ಟು ರೂಢಿಯಾಗಿದೆ, ಬೇಡ ಅಂದರೂ ಓದಿಬಿಡುತ್ತೇವೆ. ಆ ತಡವನ್ನು ಮಿಲಿಸೆಕೆಂಡಿನಲ್ಲಿ ಅಳೆದು ಗ್ರಾಫ್ ಹಾಕಿದಾಗ ಮಜಾ ಬಂತು.

ಆಮೇಲೆ 1954ರ ಫಿಟ್ಸ್ ನಿಯಮ. ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಅದನ್ನು ಮುಟ್ಟಲು ಹೊತ್ತು ಹಿಡಿಯುತ್ತದೆ. ಬಟನ್ ಎಷ್ಟು ದೊಡ್ಡದಿರಬೇಕು, ಎಲ್ಲಿರಬೇಕು ಅನ್ನೋದಕ್ಕೆ ಈ ಲೆಕ್ಕ ಬಳಸುತ್ತಾರೆ. ಈಗ ಯಾವ ಆಪ್ ತೆರೆದರೂ ಸುಮ್ನೆ ಬಟನ್ ಅಳೆಯೋ ಚಟ ಅಂಟಿಕೊಂಡಿದೆ.

ಬೇಜಾರು ಬರಿಸೋದು ಇಇಜಿ ಡೇಟಾ, ಅಂದರೆ ತಲೆ ಮೇಲೆ ಸೆನ್ಸರ್ ಇಟ್ಟು ಅಳೆದ ಮೆದುಳಿನ ವಿದ್ಯುತ್ ಸಿಗ್ನಲ್. ಕಣ್ಣು ಮಿಟುಕಿಸಿದರೂ ಸಿಗ್ನಲ್ ಕೆಡುತ್ತದೆ. ಅದನ್ನು ಸರಿಮಾಡೋದರಲ್ಲೇ ಸಂಜೆಗಳು ಹೋಗುತ್ತವೆ.

ಕೆಲಸ ಸಿಗುತ್ತಾ ಅಂತ ಕೇಳಿದ್ದಿರಿ. ಸೀನಿಯರ್‌ಗಳಲ್ಲಿ ಕೆಲವರು ಬಳಕೆದಾರರಿಗೆ ಆಪ್ ಹೇಗೆ ಅನ್ನಿಸುತ್ತದೆ ಅಂತ ತಿಳಿಯೋ ಯುಎಕ್ಸ್ ರಿಸರ್ಚ್‌ಗೆ, ಕೆಲವರು ಡೇಟಾ ಕೆಲಸಕ್ಕೆ ಹೋಗಿದ್ದಾರೆ. ಡಿಗ್ರಿ ಹೆಸರನ್ನು ಪ್ರತಿ ಇಂಟರ್‌ವ್ಯೂನಲ್ಲೂ ಬಿಡಿಸಿ ಹೇಳಬೇಕಂತೆ, ಹಾಗಾಗಿ ಕೋಡಿಂಗ್ ಪೇಪರ್ ಬಿಡಬೇಡ ಅಂದರು. ಮುಂದಿನ ಸೆಮಿಸ್ಟರ್‌ಗೆ ಮೆಷಿನ್ ಲರ್ನಿಂಗ್ ತಗೊಂಡಿದ್ದೇನೆ.