ಸ್ಪ್ರೇ ಇದ್ದರೂ ಕನ್ವೇಯರ್ ಧೂಳು ನಿಲ್ಲುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ: ಸರ್, ತೆರೆದ ಗಣಿಯಲ್ಲಿ ಕ್ರಷರ್‌ನಿಂದ ಬರುವ ಬೆಲ್ಟ್ ನೋಡಿಕೊಳ್ಳುತ್ತೇನೆ. ಒಂದು ಬೆಲ್ಟಿನಿಂದ ಇನ್ನೊಂದಕ್ಕೆ ಅದಿರು ಬೀಳುವಲ್ಲಿ ಧೂಳೋ ಧೂಳು. ಸ್ಪ್ರೇ ನೀರು ಹೆಚ್ಚಿಸಿದೆವು. ಈಗ ಬೆಲ್ಟಿನ ಕೆಳಗೆ ಉದ್ದಕ್ಕೂ ಕೆಸರು, ಒಣಗಿದರೆ ಅದೂ ಧೂಳು. ದೊಡ್ಡ ನಾಝಲ್ ಹಾಕಿಸಲಾ?

ಉತ್ತರ: ಬೇಡ, ನೀರು ಈಗಲೇ ಜಾಸ್ತಿಯಾಗಿದೆ. ಒದ್ದೆ ಪುಡಿ ಬೆಲ್ಟಿಗೆ ಅಂಟಿಕೊಂಡು ವಾಪಸ್ ಬರುತ್ತದೆ, ಕೆಳಗಿನ ಪ್ರತಿ ರೋಲರ್ ಬಳಿಯೂ ಉದುರುತ್ತದೆ. ಮೊದಲು ಹೆಡ್ ಪುಲಿಯ (ಮಾಲು ಬೀಳುವ ತುದಿಯಲ್ಲಿ ಬೆಲ್ಟ್ ತಿರುಗುವ ದೊಡ್ಡ ಉರುಳೆ) ಸ್ಕ್ರೇಪರ್ ನೋಡಿ, ಅಂದರೆ ಬೆಲ್ಟಿಗೆ ಅಂಟಿದ್ದನ್ನು ಕೆರೆದು ತೆಗೆಯುವ ಸಾಧನ. ಬ್ಲೇಡ್ ಸವೆದಿದೆಯಾ, ಬಿಗಿತ ಸರಿಯಿದೆಯಾ? ಒಂದೇ ಇದ್ದರೆ ಅದರ ಹಿಂದೆ ಇನ್ನೊಂದು ಹಾಕಿಸಿ.

ಇನ್ನು ಅದಿರು ಬೀಳುವ ಜಾಗ. ಬೀಳುವ ಮಾಲು ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಬರುತ್ತದೆ. ಆ ಗಾಳಿ ಚ್ಯೂಟಿನ (ಮಾಲು ಕೆಳಗಿನ ಬೆಲ್ಟಿಗೆ ಇಳಿಯುವ ಪೆಟ್ಟಿಗೆಯಂಥ ದಾರಿ) ಸಂದುಗಳಿಂದ ಹೊರಗೆ ನುಗ್ಗುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಹಾಗಾಗಿ ಬೀಳುವ ಎತ್ತರ ತಗ್ಗಿಸಿ. ಮಾಲು ಬೆಲ್ಟ್ ಓಡುವ ದಿಕ್ಕಿಗೇ, ನಡುವಿಗೆ ಬೀಳಲಿ. ಚ್ಯೂಟಿನ ಮೇಲ್ಭಾಗ ಮುಚ್ಚಿ. ಅದರ ಮುಂದಿನ ಸ್ಕರ್ಟ್, ಅಂದರೆ ಬೆಲ್ಟಿನ ಎರಡೂ ಬದಿಯ ತಡೆಗೋಡೆ, ಉದ್ದ ಮಾಡಿ, ಒಳಗೆ ರಬ್ಬರ್ ಪರದೆ ತೂಗುಬಿಡಿ. ಗಾಳಿಯ ವೇಗ ತಗ್ಗಿದರೆ ಧೂಳು ಅಲ್ಲೇ ಮಾಲಿನ ಮೇಲೆ ಕೂರುತ್ತದೆ.

ಪ್ರಶ್ನೆ: ಸ್ಕರ್ಟ್ ರಬ್ಬರ್ ಹೊಸದೇ ಸರ್. ಆದರೂ ಪಕ್ಕದಿಂದ ಸೋರುತ್ತದೆ.

ಉತ್ತರ: ರಬ್ಬರನ್ನು ಸುಮ್ನೆ ಬೈಯಬೇಡಿ! ಎರಡು ರೋಲರ್‌ಗಳ ನಡುವೆ ಬೆಲ್ಟ್ ಜೋತು ಬಿದ್ದರೆ ಸಂದು ಆಗುತ್ತದೆ. ರಬ್ಬರನ್ನು ಕೆಳಗೆ ಒತ್ತಿದರೆ ಬೆಲ್ಟ್ ಸವೆಯುತ್ತದೆ, ಅಷ್ಟೇ. ಅಲ್ಲಿ ರೋಲರ್‌ಗಳನ್ನು ಹತ್ತಿರ ಕೂರಿಸಿ, ಇಲ್ಲವೇ ಇಂಪ್ಯಾಕ್ಟ್ ಬೆಡ್ (ಬೆಲ್ಟಿನ ಕೆಳಗೆ ಆಸರೆಯಾಗಿ ಹೊಡೆತ ತಾಳುವ ಪಟ್ಟಿಗಳ ಹಾಸು) ಹಾಕಿಸಿ.

ಇನ್ನೊಬ್ಬರು: ಹಾಗಾದರೆ ಸ್ಪ್ರೇ ತೆಗೆದುಬಿಡುವುದಾ?

ಉತ್ತರ: ಇಲ್ಲ, ಜಾಗ ಬದಲಿಸಿ. ಎದ್ದ ಧೂಳನ್ನು ಹಿಡಿಯುವುದಕ್ಕಿಂತ ಏಳದಂತೆ ನೆನೆಸುವುದು ಸುಲಭ ಅಲ್ವಾ? ಕ್ರಷರ್ ಬಳಿಯೇ, ಮಾಲು ಹೊರಳುವಲ್ಲಿ ಸ್ವಲ್ಪ ಸ್ವಲ್ಪ ನೆನೆಸಿದರೆ ನೀರು ಎಲ್ಲ ಕಡೆ ಬೆರೆಯುತ್ತದೆ. ಗಾಳಿಯಲ್ಲಿರುವ ಧೂಳಿಗೆ ಸಣ್ಣ ಹನಿಯೇ ಬೇಕು. ಹನಿ ದೊಡ್ಡದಾದರೆ ಸುತ್ತಲಿನ ಗಾಳಿಯ ಜೊತೆ ಧೂಳಿನ ಕಣವೂ ಪಕ್ಕಕ್ಕೆ ಸರಿದುಹೋಗುತ್ತದೆ, ಹನಿಗೆ ತಾಗುವುದೇ ಇಲ್ಲ. ಖಾಲಿ ಬೆಲ್ಟ್ ಓಡುವಾಗ ನೀರು ತಾನೇ ನಿಲ್ಲುವಂತೆ ಸೆನ್ಸರ್ ಹಾಕಿಸಿ.

ಪ್ರಶ್ನೆ: ಕೆಳಗೆ ಬಿದ್ದಿದ್ದನ್ನು ಏರ್ ಹೋಸ್‌ನಿಂದ ಊದಿ ತೆಗೆಯುತ್ತೇವೆ. ಸರಿನಾ?

ಉತ್ತರ: ಅದನ್ನು ಇಂದೇ ನಿಲ್ಲಿಸಿ. ಊದಿದರೆ ಧೂಳು ಮತ್ತೆ ಗಾಳಿಗೇ ಏಳುತ್ತದೆ. ಕಲ್ಲಿನಲ್ಲಿ ಸಿಲಿಕಾ (ಶ್ವಾಸಕೋಶ ಕೆಡಿಸುವ ಖನಿಜ) ಇದ್ದರೆ ಇನ್ನೂ ಅಪಾಯ; ಕಣ್ಣಿಗೆ ಕಾಣದಷ್ಟು ಸಣ್ಣ ಕಣವೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. ಬೆಲ್ಟ್ ನಿಲ್ಲಿಸಿ, ವಿದ್ಯುತ್ ತೆಗೆದು ಬೀಗ ಹಾಕಿ, ಆಮೇಲೆ ನೀರಿನಿಂದ ತೊಳೆಯಿರಿ ಇಲ್ಲವೇ ವ್ಯಾಕ್ಯೂಮ್ ಮಾಡಿ.