ಈಸ್ಟರ್ ಹತ್ತಿರ ಬಂತು, ಅಮ್ಮ ಚರ್ಚಿಗೆ ಬರಲ್ಲ ಅಂತಾರೆ: ಸಾವಾದ ಮನೆಯಲ್ಲಿ ಪುನರುತ್ಥಾನದ ನಿರೀಕ್ಷೆಯನ್ನು ನೀವು ಹೇಗೆ ಉಳಿಸಿಕೊಂಡಿರಿ?

ಲಿಂಗರಾಜಪುರದ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಕಳೆದ ನವೆಂಬರ್‌ನಲ್ಲಿ ತೀರಿಹೋದ. 27 ವರ್ಷ. ರಾತ್ರಿ ಡ್ಯೂಟಿ ಮುಗಿಸಿ ಹೆಣ್ಣೂರು ರಸ್ತೆಯಲ್ಲಿ ಬೈಕಲ್ಲಿ ಬರುತ್ತಿದ್ದ. ಅಷ್ಟೇ ಹೇಳ್ತೀನಿ. ಅಮ್ಮ ಅವತ್ತಿನಿಂದ ಚರ್ಚಿನ ಮೆಟ್ಟಿಲು ಹತ್ತಿಲ್ಲ. ಅವನ ಬಿಳಿ ಶರ್ಟ್ ಒಂದನ್ನು ದಿನಾ ಬೀರುವಿಂದ ತೆಗೆಯುತ್ತಾರೆ, ಕೊಡವುತ್ತಾರೆ, ಮತ್ತೆ ಮಡಿಸಿ ಇಡುತ್ತಾರೆ.

ಏಪ್ರಿಲ್ 5ಕ್ಕೆ ಈಸ್ಟರ್. ಎಲ್ಲರೂ ಯೇಸು ಸಾವಿನಿಂದ ‘ಎದ್ದಿದ್ದಾನೆ’ ಅಂತ ಹಾಡುವಾಗ ನನ್ನ ಬಾಯಿ ತೆರೆಯುತ್ತಾ ಅಂತ ಗೊತ್ತಿಲ್ಲ. ಅಮ್ಮ ಕೇಳುವುದು ಒಂದೇ ಮಾತು: ‘ಆತ ಎದ್ದ, ಸರಿ. ನನ್ನ ಮಗ?’ ಅಮ್ಮನನ್ನು ಬಲವಂತ ಮಾಡಿ ಕರೆದುಕೊಂಡು ಹೋಗಲಾ, ಬಿಡಲಾ? ಇಂಥ ದಿನಗಳಲ್ಲಿ ನೀವು ನಂಬಿಕೆ ಹೇಗೆ ಹಿಡಿದುಕೊಂಡಿರಿ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಹಲಸೂರು ಕೆರೆ ಪಕ್ಕ

ತಂಗಿ, ನನ್ನದು ಹೇಳ್ತೀನಿ. 2021, ಮೇ ತಿಂಗಳು. ನಮ್ಮೆಜಮಾನರಿಗೆ 44. ಆಸ್ಪತ್ರೆ ಹೆಸರು ಬೇಡ. ಮುಂಗಡ 1,50,000. ಆರು ದಿನ ಐಸಿಯು. ಕೊನೆಯ ಬಿಲ್ 5,72,400. ಅದರಲ್ಲಿ ಪಿಪಿಇ ಕಿಟ್ ಅಂತಲೇ 41,000 ಹಾಕಿದ್ದರು. ಆ ಬಿಲ್ಲು ಈಗಲೂ ನನ್ನ ಸತ್ಯವೇದದ (ಬೈಬಲ್ಲಿನ) ಒಳಗೆ ಇದೆ. ನಾಲ್ಕು ಬಳೆ ಅಡವಿಟ್ಟೆ. ಎರಡನ್ನು ಬಿಡಿಸಿಕೊಂಡೆ, ಎರಡು ಹೋದವು.

ನನಗೂ ಪಾಸಿಟಿವ್ ಇತ್ತು. ಮನೆಯಲ್ಲಿ ಒಂದು ರೂಮಿನಲ್ಲಿ ಬಾಗಿಲು ಹಾಕಿಕೊಂಡಿದ್ದೆ. ಮೈದುನ ಫೋನ್ ಮಾಡಿದ. ‘ಅತ್ತಿಗೆ, ಗುಂಡಿ ತೆಗೆಯೋರು ನಾಳೆ ಅಂತಾರೆ, ಆಸ್ಪತ್ರೆಯವರು ಬಾಡಿ ಇಟ್ಟುಕೊಳ್ಳಲ್ಲ ಅಂತಾರೆ, ಏನು ಮಾಡ್ಲಿ?’ ಸುಟ್ಟುಬಿಡಿ ಅಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಆಂಬ್ಯುಲೆನ್ಸ್‌ಗೆ 14,000. ಆಗ ತಾವರೆಕೆರೆ ಕಡೆ ಬಯಲಲ್ಲಿ ಸಾಲಾಗಿ ಚಿತೆ ಹಾಕುತ್ತಿದ್ದರಲ್ಲ, ಅಲ್ಲಿ. ನಾನು ಮುಖ ನೋಡಲಿಲ್ಲ.

ಎರಡು ವರ್ಷ ಆರಾಧನೆಯಲ್ಲಿ ವಿಶ್ವಾಸ ಪ್ರಮಾಣ ಹೇಳುವಾಗ ‘ಶರೀರ ಎದ್ದು ಬರುವುದು’ ಅನ್ನೋ ಜಾಗ ಬಂದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಯಾವ ಶರೀರ? ಒಂದು ಮಡಕೆ ಬೂದಿ. ಆಮೇಲೆ ಒಂದು ದಿನ ಸತ್ಯವೇದದಲ್ಲಿ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೇ ಅಧ್ಯಾಯ ಓದುತ್ತಾ ಕೂತಿದ್ದೆ. ನೀನು ಬಿತ್ತೋದು ಮುಂದೆ ಬರೋ ಗಿಡವನ್ನಲ್ಲ, ಬರೀ ಕಾಳನ್ನ ಅಂತಾನೆ. ನಾನು ರಾಗಿ ಹೊಲದಲ್ಲಿ ಬೆಳೆದವಳು. ಕೂರಿಗೆ ಹಿಂದೆ ನಡೆದಿದ್ದೀನಿ. ಮಣ್ಣಿಗೆ ಬಿದ್ದ ಕಾಳನ್ನು ಮತ್ತೆ ಹುಡುಕೋಕೆ ಹೋದರೆ ಸಿಗಲ್ಲ, ಆದರೆ ರಾಗಿ ಹಾಕಿದ ಕಡೆ ರಾಗಿಯೇ ಬರುತ್ತೆ, ಬೇರೆ ಬರಲ್ಲ. ಬರೋದು ಅವರೇ, ಬೇರೆ ಯಾರೋ ಅಲ್ಲ. ಅವತ್ತು ಅಡುಗೆಮನೆ ನೆಲದ ಮೇಲೆ ಕೂತು ಜೋರಾಗಿ ಅತ್ತೆ. ಆ ಭಾನುವಾರ ಆ ಸಾಲು ಹೇಳಿದೆ.

ಮರಿಯಾಪುರದ ಹುಡುಗ

ಅಕ್ಕ, ನಿಮ್ಮ ದುಃಖ ದೊಡ್ಡದು. ಆದರೆ ಸುಡುವುದು ನಮ್ಮ ಪದ್ಧತಿ ಅಲ್ಲ. ಯೇಸುಸ್ವಾಮಿಯನ್ನೂ ಸಮಾಧಿ ಮಾಡಿದರು. ಒಂದು ದಿನ ಕಾದಿದ್ದರೆ ಆಗುತ್ತಿತ್ತು ಅಂತ ನನ್ನ ಅನಿಸಿಕೆ.

ನಮ್ಮ ತಂದೆಗೆ ಕಿಡ್ನಿ. ವಾರಕ್ಕೆ ಮೂರು ಡಯಾಲಿಸಿಸ್, ನಾಲ್ಕು ವರ್ಷ. ಒಂದು ಸಲಕ್ಕೆ 1,200, ಜೊತೆಗೆ ಇಂಜೆಕ್ಷನ್, ಆಟೋ. ಕನಕಪುರ ರಸ್ತೆಯ ಟ್ರಾಫಿಕ್ಕಲ್ಲಿ ಅಪ್ಪ ಹಿಂದಿನ ಸೀಟಲ್ಲಿ ಮಲಗಿ ಜಪಸರ ಎಣಿಸುತ್ತಿದ್ದರು. 15 ಗುಂಟೆ ಮಾರಿದೆವು. ಅಪ್ಪ ತೀರಿಕೊಂಡಾಗ ಇಡೀ ಊರು ಬಂತು. ಗುಂಡಿ ತೋಡಿದವರು ನನ್ನ ಜೊತೆ ಶಾಲೆಗೆ ಹೋದ ಹುಡುಗರು, ಒಂದು ರೂಪಾಯಿ ಮುಟ್ಟಲಿಲ್ಲ. ಒಂಬತ್ತು ದಿನ ಮನೆಯಲ್ಲಿ ಜಪಸರ. ಮೂವತ್ತನೇ ದಿನ ಚರ್ಚಲ್ಲಿ ಅಪ್ಪನಿಗಾಗಿ ಪೂಜೆ.

ಪಾಸ್ಕದ (ಈಸ್ಟರ್‌ನ) ಹಿಂದಿನ ರಾತ್ರಿ ಗುಡಿಯ (ಚರ್ಚಿನ) ದೀಪ ಎಲ್ಲಾ ಆರಿಸುತ್ತಾರಲ್ಲ. ಹೊರಗೆ ಬೆಂಕಿ ಹಚ್ಚಿ, ಆ ಬೆಂಕಿಯಿಂದ ದೊಡ್ಡ ಮೇಣದಬತ್ತಿ, ಅದರಿಂದ ನಮ್ಮ ನಮ್ಮ ಕೈಯ ಬತ್ತಿಗಳು. ನನ್ನ ಬತ್ತಿಗೆ ಬೆಂಕಿ ಕೊಟ್ಟವರು ಅಪ್ಪನ ಹಳೇ ಸ್ನೇಹಿತರು. ಅಪ್ಪ ಮಣ್ಣಲ್ಲಿ ಉಳಿಯೋದಿಲ್ಲ ಅಂತ ಅವತ್ತು ಮನಸ್ಸಿಗೆ ಗಟ್ಟಿಯಾಯಿತು. ನೀವೂ ನಿಮ್ಮ ಅಮ್ಮನನ್ನು ಕನ್ನಡ ಪೂಜೆಗೇ ಕರೆದುಕೊಂಡು ಹೋಗಿ. ಬೇರೆ ಭಾಷೆಯ ಪೂಜೆಯಲ್ಲಿ ಸಮಾಧಾನ ಸಿಗಲ್ಲ.

ಹಲಸೂರು ಕೆರೆ ಪಕ್ಕ

ಒಂದು ದಿನ ಕಾಯಬೇಕಿತ್ತಾ? ಎಲ್ಲಿ ಕಾಯೋದು ಸ್ವಾಮಿ, ಆಸ್ಪತ್ರೆ ಗೇಟಲ್ಲಾ? 104 ಜ್ವರ ಇಟ್ಟುಕೊಂಡು ನಾನು ಬರಬೇಕಿತ್ತಾ? ನಿಮಗೆ ಊರು ಇತ್ತು, ಹುಡುಗರು ಇದ್ದರು. ನಮಗೆ ಅವತ್ತು ಯಾರಿದ್ದರು? ಐದು ವರ್ಷದಿಂದ ನನಗೆ ನಾನೇ ಕೇಳಿಕೊಂಡ ಪ್ರಶ್ನೆ ಅದು. ನಿಮ್ಮಿಂದ ಕೇಳಿಸಿಕೊಳ್ಳೋದು ಬೇಕಾಗಿರಲಿಲ್ಲ.

ರಾತ್ರಿ ಪಾಳಿ ಸಿಸ್ಟರ್

ಮರಿಯಾಪುರದ ತಮ್ಮ, ನಾನೂ ಕ್ಯಾಥೊಲಿಕ್ಕೇ. 1963ರಲ್ಲೇ ರೋಮ್ ದಹನಕ್ಕೆ ಒಪ್ಪಿಗೆ ಕೊಟ್ಟಿದೆ. 2016ರಲ್ಲಿ ಮತ್ತೆ ಬಿಡಿಸಿ ಹೇಳಿದರು: ಹೂಳುವುದೇ ಮೇಲು, ಸುಟ್ಟರೆ ಬೂದಿಯನ್ನು ಸ್ಮಶಾನದಂಥ ಪವಿತ್ರ ಜಾಗದಲ್ಲಿ ಇಡಬೇಕು, ಮನೆಯಲ್ಲಿ ಇಡಬಾರದು, ನದಿಗೆ ಬಿಡಬಾರದು. ಅಷ್ಟೇ. ಕ್ರಿ.ಶ. 177ರಲ್ಲಿ ಈಗಿನ ಫ್ರಾನ್ಸಿನ ಲಿಯಾನ್ ಊರಲ್ಲಿ ಕ್ರೈಸ್ತರನ್ನು ಕೊಂದು, ಸುಟ್ಟು, ಬೂದಿಯನ್ನು ರೋನ್ ನದಿಗೆ ತಳ್ಳಿದರು. ಇನ್ನು ಹೇಗೆ ಎದ್ದು ಬರುತ್ತಾರೋ ನೋಡೋಣ ಅಂತ. ಅವರ ಲೆಕ್ಕ ಸರಿ ಅಂತೀರಾ? ಅಕ್ಕನ ಗಾಯದ ಮೇಲೆ ಉಪ್ಪು ಹಾಕಬೇಡಿ.

ಇನ್ನು ನನ್ನ ಕಥೆ. ಅಮ್ಮನಿಗೆ ಸ್ತನ ಕ್ಯಾನ್ಸರ್, ಮೂರನೇ ಹಂತ. ನಾನು ನರ್ಸ್ ಆಗಿದ್ದೂ ಅಮ್ಮ ಗಂಟು ಮುಚ್ಚಿಟ್ಟರು, ಏಳು ತಿಂಗಳು. ಕೀಮೋ ಎಂಟು ಸಲ. ಮೂರನೆಯದು ಆದ ಮೇಲೆ ಯಾರೋ ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಪಾಸ್ಟರ್ ತಲೆ ಮೇಲೆ ಕೈ ಇಟ್ಟು ‘ಗುಣ ಆಗಿದೆ, ಇನ್ನು ಔಷಧಿ ಬೇಡ’ ಅಂದರು. ಅಮ್ಮ ಎರಡು ಕೀಮೋ ಬಿಟ್ಟರು. ಕಾಣಿಕೆ ಅಂತ ಒಟ್ಟು 85,000 ಕೊಟ್ಟಿದ್ದರು, ಚೀಟಿ ದುಡ್ಡು. ಮತ್ತೆ ಶ್ವಾಸಕೋಶಕ್ಕೆ ಬಂದಾಗ ಅದೇ ಪಾಸ್ಟರ್ ಫೋನಲ್ಲಿ ‘ನಿಮ್ಮ ಮನೆಯಲ್ಲಿ ನಂಬಿಕೆ ಸಾಲದು’ ಅಂದರು. ಅಮ್ಮ ಅದನ್ನು ನಂಬಿಕೊಂಡೇ ಸತ್ತರು. ತನ್ನ ತಪ್ಪಿನಿಂದ ಸಾಯುತ್ತಿದ್ದೀನಿ ಅಂತ. ಈ ಒಂದು ವಿಷಯವನ್ನು ನನಗೆ ಕ್ಷಮಿಸೋಕೆ ಆಗಿಲ್ಲ.

ಸತ್ತವರನ್ನು ಸುತ್ತಿ ಕೊಡೋದು ನನ್ನ ಕೆಲಸ. ಗಲ್ಲಕ್ಕೆ ಪಟ್ಟಿ, ಹೆಬ್ಬೆರಳುಗಳಿಗೆ ದಾರ, ಆಮೇಲೆ ಬಿಳಿ ಬಟ್ಟೆ. ಅಮ್ಮನಿಗೂ ನಾನೇ ಮಾಡಿದೆ. ಅದಕ್ಕೆ ಬೈಬಲ್ಲಿನ ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯ ನನಗೆ ಬೇರೆ ಥರ ಕಾಣುತ್ತೆ. ಪೇತ್ರ ಸಮಾಧಿಯ ಒಳಗೆ ಹೋಗಿ ನೋಡಿದಾಗ ನಾರುಬಟ್ಟೆ ಒಂದು ಕಡೆ ಬಿದ್ದಿತ್ತು, ತಲೆಗೆ ಸುತ್ತಿದ್ದ ಬಟ್ಟೆ ಮಾತ್ರ ಬೇರೆ ಕಡೆ ಸುತ್ತಿಟ್ಟಿತ್ತು. ಹೆಣ ಕದಿಯೋಕೆ ಬಂದವರು ಬಟ್ಟೆ ಮಡಿಸುತ್ತಾ ನಿಲ್ಲುತ್ತಾರಾ? ನಾನು ಕಟ್ಟಿದ ಗಂಟನ್ನು ಒಬ್ಬರು ನಿಧಾನವಾಗಿ ಬಿಚ್ಚಿ, ಮಡಿಸಿ, ಇನ್ನು ಇದು ಬೇಡ ಅಂತ ಪಕ್ಕಕ್ಕೆ ಇಟ್ಟ ಹಾಗೆ. ಪಾಳಿಯಲ್ಲಿ ಪ್ರತಿ ಸಲ ಬಟ್ಟೆ ಸುತ್ತುವಾಗ ಅದನ್ನೇ ನೆನೆಸಿಕೊಳ್ತೀನಿ.

ಜೀವಜಲ

ಸಿಸ್ಟರ್, ಒಬ್ಬ ಪಾಸ್ಟರ್ ತಪ್ಪು ಮಾಡಿದರೆ ಎಲ್ಲ ಪ್ರಾರ್ಥನಾ ಕೂಟಗಳನ್ನು ಬೈಯಬೇಡಿ. ನನಗೆ 2019ರಲ್ಲಿ ಬೆನ್ನುಮೂಳೆ ಟಿಬಿ. ಹತ್ತು ತಿಂಗಳು ಹಾಸಿಗೆ. ಕೆಲಸ ಹೋಯ್ತು, ಬಾಡಿಗೆ ಮನೆ ಖಾಲಿ ಮಾಡಿಸಿದರು. ಕೊಟ್ಟಿದ್ದ 80,000 ಅಡ್ವಾನ್ಸಲ್ಲಿ ಬಣ್ಣದ ಖರ್ಚು ಅಂತ 22,000 ಹಿಡಿದುಕೊಂಡರು. ನಮ್ಮ ಕೂಟದವರು ದಿನಾ ಸಂಜೆ ಬಂದು ಕೈ ಹಿಡಿದು ಪ್ರಾರ್ಥನೆ ಮಾಡಿದರು. ಈಗ ನಡೆಯುತ್ತಿದ್ದೀನಿ. ಯೇಸುವನ್ನು ಎಬ್ಬಿಸಿದ ಶಕ್ತಿಯೇ ನನ್ನನ್ನೂ ಎಬ್ಬಿಸಿತು. ಕೇಳಿದರೆ ಸಿಗುತ್ತೆ. ನಂಬಿಕೆ ಇಟ್ಟು ಕೇಳಬೇಕು.

ರಾತ್ರಿ ಪಾಳಿ ಸಿಸ್ಟರ್

ಟಿಬಿ ಮಾತ್ರೆ ತಗೊಂಡಿರಾ ಇಲ್ವಾ?

ಜೀವಜಲ

ತಗೊಂಡೆ. 18 ತಿಂಗಳು. ಅದನ್ನು ಕೊಟ್ಟವನೂ ದೇವರೇ.

ರಾತ್ರಿ ಪಾಳಿ ಸಿಸ್ಟರ್

ಹಾಗಾದರೆ ನನ್ನ ಅಮ್ಮನಿಗೂ ತಗೊಳ್ಳಿ ಅಂತ ಒಬ್ಬರಾದರೂ ಹೇಳಬೇಕಿತ್ತು. ನೀವು ಎದ್ದಿರಿ, ಸಂತೋಷ. ಆದರೆ ಯೇಸು ಸಮಾಧಿಯಿಂದ ಎಬ್ಬಿಸಿದ ಲಾಸರ ಕೂಡ ನಾಲ್ಕು ದಿನ ಆದ ಮೇಲೆ ಎದ್ದು ಬಂದು, ಆಮೇಲೆ ಒಂದು ದಿನ ಸತ್ತವನೇ. ಗುಣ ಆಗೋದು ಬೇರೆ, ಪುನರುತ್ಥಾನ ಬೇರೆ. ಗುಣ ಆಗದವರಿಗೂ ಸಿಗೋದು ಅದು. ಎರಡನ್ನೂ ಕಲಸಿದ್ದಕ್ಕೇ ನನ್ನ ಅಮ್ಮ ಹೆದರಿಕೊಂಡು ಸತ್ತಿದ್ದು.

ಹಳೇ ಬಾಸ್

ಹಡ್ಸನ್ ಚರ್ಚಿನ ಕನ್ನಡ ಆರಾಧನೆಯಲ್ಲಿ ಹಾಡುತ್ತಾ ಬೆಳೆದವನು ನಾನು. 1904ರ ಕಲ್ಲಿನ ಕಟ್ಟಡ ಅದು. ಅದರೊಳಗೆ ಬಾಸ್ ಅನ್ನೋ ತಗ್ಗಿನ ದನಿ ಹೇಗೆ ತುಂಬುತ್ತೆ ಅಂತ ಹಾಡಿದವರಿಗೇ ಗೊತ್ತು. 2017ರಲ್ಲಿ ನನ್ನ ಮಗ ಡೆಂಗಿಯಲ್ಲಿ ಹೋದ. 19 ವರ್ಷ. ಹನ್ನೊಂದು ದಿನ. ಪ್ಲೇಟ್‌ಲೆಟ್ 9,000ಕ್ಕೆ ಇಳಿಯಿತು. 23 ಯೂನಿಟ್ ಹಾಕಿಸಿದೆ. ರಕ್ತನಿಧಿ ಬಾಗಿಲಲ್ಲಿ ಗುರುತಿಲ್ಲದ ಹುಡುಗರ ಕೈ ಹಿಡಿದು ಕೇಳಿಕೊಂಡೆ. ಖರ್ಚು 3,85,000, ಪಿಎಫ್ ತೆಗೆದೆ.

ಬುಧವಾರ ಮಣ್ಣು ಮಾಡಿದೆವು. ಭಾನುವಾರ ನಾನು ಕ್ವಾಯರ್‌ನಲ್ಲಿ ನಿಂತೆ. ಒಂದು ವಾರವೂ ತಪ್ಪಿಸಿಲ್ಲ. ಕ್ರಿಸ್ತ ಎದ್ದಿಲ್ಲ ಅಂದರೆ ನಮ್ಮ ನಂಬಿಕೆಯೇ ವ್ಯರ್ಥ ಅಂತ ಪೌಲ ಹೇಳಿದ್ದಾನೆ. ಎದ್ದಿದ್ದಾನೆ ಅಂದಮೇಲೆ ಮನೆಯಲ್ಲಿ ಕೂರುವುದು ಯಾಕೆ? ತಾಯಿಯನ್ನು ಕರೆತನ್ನಿ ಅಮ್ಮ. ಬಿಟ್ಟಷ್ಟೂ ಕಷ್ಟ. ಇನ್ನು ಮೇಲೊಬ್ಬರು ಮೂವತ್ತನೇ ದಿನದ ಪೂಜೆ ಅಂದರು. ಸತ್ತವರಿಗೆ ಪೂಜೆ ಮಾಡಿಸಿ ಅಂತ ಸತ್ಯವೇದದಲ್ಲಿ ಎಲ್ಲಿದೆ?

ಮರಿಯಾಪುರದ ಹುಡುಗ

ಮಕ್ಕಬಿಯರ ಎರಡನೇ ಗ್ರಂಥ, 12ನೇ ಅಧ್ಯಾಯ. ಯುದ್ಧದಲ್ಲಿ ಸತ್ತವರಿಗಾಗಿ ಯೆಹೂದ್ಯರ ಸೇನಾನಾಯಕ ಯೂದ ಕಾಣಿಕೆ ಕಳಿಸಿ ಪ್ರಾರ್ಥನೆ ಮಾಡಿಸಿದ. ಅವರು ಎದ್ದು ಬರುತ್ತಾರೆ ಅನ್ನೋ ಭರವಸೆ ಇಲ್ಲದಿದ್ದರೆ ಸತ್ತವರಿಗೆ ಪ್ರಾರ್ಥಿಸುವುದೇ ದಂಡ ಅಂತ ಅಲ್ಲೇ ಬರೆದಿದೆ. ನಿಮ್ಮ ಸತ್ಯವೇದದಲ್ಲಿ ಆ ಗ್ರಂಥ ಇಲ್ಲ ಸಾರ್, ನಮ್ಮಲ್ಲಿ ಇದೆ. ಅಪ್ಪನಿಗೆ ನಾನು ಮಾಡಬಹುದಾದ ಒಂದೇ ಕೆಲಸ ಅದು. ಅದನ್ನು ಕಿತ್ತುಕೊಳ್ಳಬೇಡಿ.

ಕಾಕ್ಸ್‌ಟೌನ್ ಸೆಲ್ವಿ

ಕನ್ನಡ ಪೂಜೆಯಲ್ಲಿ ಮಾತ್ರ ಸಮಾಧಾನ ಅಂದಿರಲ್ಲ, ಅದು ನೋವಾಯಿತು. ನಮ್ಮ ಮನೆಮಾತು ತಮಿಳು. ಮೂರು ತಲೆಮಾರಿಂದ ಇಲ್ಲೇ ಇದ್ದೀವಿ, ಕನ್ನಡದಲ್ಲೇ ಓದಿದ್ದೀನಿ, ಕನ್ನಡದಲ್ಲೇ ಬರೆಯುತ್ತಿದ್ದೀನಿ. ಆದರೆ ನನ್ನ ಮಗು ಎಂಟು ತಿಂಗಳಿಗೆ ಹೊಟ್ಟೆಯಲ್ಲೇ ಹೋದಾಗ ನನಗೆ ಬಂದ ಪ್ರಾರ್ಥನೆ ಅಜ್ಜಿ ಕಲಿಸಿದ ತಮಿಳಿನದು. ಮಗ್ದಲದ ಮರಿಯಮ್ಮ ಸ್ವಾಮಿಯನ್ನು ತೋಟದವನು ಅಂದುಕೊಂಡಿದ್ದಳು. ಹೆಸರು ಹಿಡಿದು ಕರೆದಾಗಲೇ ಗುರುತು ಸಿಕ್ಕಿದ್ದು. ನನ್ನನ್ನು ಕರೆಯುವಾಗ ಅಮ್ಮ ಕರೆದ ಹಾಗೇ ಕರೆಯುತ್ತಾನೆ ಅಂತ ನಂಬಿದ್ದೀನಿ.

ಮರಿಯಾಪುರದ ಹುಡುಗ

ಅಕ್ಕ, ಕನ್ನಡಕ್ಕೆ ಗುಡಿಗಳಲ್ಲಿ ಜಾಗ ಸಿಗೋಕೆ ನಮ್ಮ ಹಿರಿಯರು ಎಷ್ಟು ಬಡಿದಾಡಿದರು ಅಂತ ನಿಮಗೂ ಗೊತ್ತು. ಆ ಸಿಟ್ಟಲ್ಲಿ ಬರೆದೆ. ಕನ್ನಡ ಪೂಜೆ ಬೇಕು ಅನ್ನೋ ಮಾತು ಬಿಡಲ್ಲ. ಆದರೆ ನಿಮ್ಮ ಮಗುವಿನ ವಿಷಯಕ್ಕೆ ಕ್ಷಮೆ ಕೇಳ್ತೀನಿ. ಹಲಸೂರಿನ ಅಕ್ಕನಿಗೂ.

ಹಲಸೂರು ಕೆರೆ ಪಕ್ಕ

ಹಳೇ ಬಾಸ್ ಅವರೇ, ಒಂದು ಕೇಳ್ತೀನಿ. ನೀವು ಭಾನುವಾರ ಹಾಡಿದಿರಿ. ಮನೆಯವರು ಏನು ಮಾಡುತ್ತಿದ್ದರು?

ಹಳೇ ಬಾಸ್

ನೀವು ಕೇಳಬಾರದಿತ್ತು. ಆದರೂ ಹೇಳುತ್ತೇನೆ. ಅವಳು ಮನೆಯಲ್ಲೇ ಇದ್ದಳು. ಮಗನ ಚಪ್ಪಲಿ ಬಾಗಿಲ ಹತ್ತಿರವೇ ಇತ್ತು, ಎತ್ತಿಡಲು ಬಿಡಲಿಲ್ಲ. ಬಾ ಅಂದೆ. ನಾಲ್ಕನೇ ವಾರ ಕೈ ಹಿಡಿದು ಎಳೆದೆ. ಆಮೇಲೆ ಆರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಊಟ ಬಡಿಸಿ ಒಳಗೆ ಹೋಗುತ್ತಿದ್ದಳು. ನಾನು ಹಾಡಿದ್ದು ತಪ್ಪಲ್ಲ. ಹಾಡದಿದ್ದರೆ ನಾನೇ ಉಳಿಯುತ್ತಿರಲಿಲ್ಲ. ಆದರೆ ಅವಳ ಕೈ ಎಳೆದಿದ್ದು ತಪ್ಪು. ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಮೊದಲು ಅತ್ತನು. ನಾನು ಅವಳ ಪಕ್ಕ ಕೂತು ಒಂದು ದಿನವೂ ಅಳಲಿಲ್ಲ. ಮೇಲೆ ಬರೆದ ‘ಕರೆತನ್ನಿ’ ಅನ್ನೋ ಮಾತು ವಾಪಸ್ ತಗೊಂಡಿದ್ದೇನೆ.

ಸತ್ತವರ ಪೂಜೆ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಲಿಂಗರಾಜಪುರದ ಅಕ್ಕ

ಎಲ್ಲವನ್ನೂ ಓದಿದೆ, ಎರಡೆರಡು ಸಲ. ನಿನ್ನೆ ರಾತ್ರಿ ಅಮ್ಮ ಶರ್ಟ್ ಮಡಿಸುತ್ತಾ ಕೂತಿದ್ದರು. ಚರ್ಚಿನ ಮಾತು ಎತ್ತಲಿಲ್ಲ. ಪಕ್ಕ ಕೂತು, ಸಿಸ್ಟರ್ ಹೇಳಿದ ಆ ಬಟ್ಟೆಯ ಭಾಗ ಓದಿದೆ. ಅಮ್ಮನ ಕೈ ನಿಂತಿತು. ‘ಸುತ್ತಿಟ್ಟಿತ್ತಾ? ಇನ್ನೊಂದು ಸಲ ಓದು’ ಅಂದರು. ಓದಿದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಶರ್ಟಿನ ಕಾಲರ್ ಸವರುತ್ತಾ ಇದ್ದರು. ಆಮೇಲೆ ಇಬ್ಬರೂ ಅತ್ತೆವು, ನವೆಂಬರ್ ಆದ ಮೇಲೆ ಮೊದಲ ಸಲ ಒಟ್ಟಿಗೆ.

ಬೆಳಿಗ್ಗೆ ಕಾಫಿ ಕೊಡುವಾಗ ಕೇಳಿದರು, ‘ಅವನ ಹತ್ತಿರ ಹೋಗೋಕೆ ಸ್ಮಶಾನದ ಗೇಟು ಎಷ್ಟು ಗಂಟೆಗೆ ತೆಗೀತಾರೆ?’ ಚರ್ಚಿಗೆ ಬರ್ತೀನಿ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಈಸ್ಟರ್ ದಿನ ಬೆಳಿಗ್ಗೆ ಹೊಸೂರು ರಸ್ತೆಗೆ ಇಬ್ಬರೂ ಹೋಗ್ತೀವಿ. ಸೇವಂತಿಗೆ ಎರಡು ಮಾರು ಹೇಳಿಟ್ಟಿದ್ದೀನಿ.